ಅಂಟುಮನೆಯ ಕಿಟಕಿ

"ಎದ್ದೇಳೇ ಮಹಾರಾಣಿ! ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ, ಕಾಲು ಚಾಚ್ಕೊಂಡು ಮಲ್ಕೊಳ್ಳೋಕೆ? ಏಳೇ ಮುಂಡೇದೆ, ನಿನ್ನ ನಾಟಕ ನಿನ್ನ ಗಂಡನ ಮುಂದೆ ಇಟ್ಕೋ!"

ಮೇಸ್ತ್ರಿ ಹೀಗೆ ಬಾಯಿ ಮಾಡುತ್ತಿದ್ದದ್ದು ಅಂಟುಮನೆಯ ನೆಲದ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದ ಬಸುರಿಯ ಮೇಲೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಹಾಗಂತ ಮೇಸ್ತ್ರಿ ಬಿಟ್ಟುಬಿಡುವ ಆಸಾಮಿಯಲ್ಲ. ಬೈಯುವುದಕ್ಕೆಂದೇ ಅವನನ್ನು ಇಟ್ಟುಕೊಂಡಿದ್ದರು, ಬೈಯುತ್ತಿದ್ದ. ಸುತ್ತಲಿನ ಹೆಂಗಸರು ಕೈಯಲ್ಲಿ ಅಂಟಿನ ಬ್ರಷ್ಷು ಹಿಡಿದುಕೊಂಡೇ ನಿಂತಿದ್ದರು. ಬ್ರಷ್ಷು ಕೆಳಗಿಟ್ಟರೆ ತಮ್ಮ ಪಾಲಿನ ಬೈಗುಳವೂ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಗಲಾಟೆ ಕೇಳಿ ದೊಡ್ಡಮ್ಮ ಅಂಗಳ ದಾಟಿ ಓಡಿ ಬಂದಳು. ಬಿದ್ದಿದ್ದವಳು ಅವಳ ಮಗಳು. ದೊಡ್ಡಮ್ಮ ಮಗಳ ಕಂಕುಳಿಗೆ ಕೈ ಹಾಕಿ ದರದರನೆ ಬಾಗಿಲಾಚೆ ಎಳೆದು ತಂದು, ತೊಟ್ಟಿಯ ಪಕ್ಕ ಮಲಗಿಸಿ, ಮುಖಕ್ಕೆ ನೀರು ಹೊಡೆದಳು. ಹುಡುಗಿ ಕಣ್ಣು ಬಿಟ್ಟಳು. ಬಿಟ್ಟವಳೇ ಮೊದಲು ಹೊಟ್ಟೆ ಮುಟ್ಟಿ ನೋಡಿಕೊಂಡಳು. ತಾಯಿಯ ಕೈ ಆಗಲೇ ಅಲ್ಲಿತ್ತು.

"ಯಾರನ್ನ ಕೇಳಿ ಹೊರಗೆ ತಂದೆ ಇವಳನ್ನ?" ಎಂದು ಮೇಸ್ತ್ರಿ ಹಿಂದೆಯೇ ಬಂದ.

"ಉಸಿರು ಕಟ್ಟಿದೆ ಅವಳಿಗೆ. ಆ ಕಿಟಕಿ ಒಂದು ತೆಗೆಸಯ್ಯಾ, ನಿನಗೆ ಕೈ ಮುಗೀತೀನಿ."

"ಕಿಟಕಿ ಕಿಟಕಿ ಅಂತ ಜೀವ ತಿನ್ನಬೇಡ. ಅದು ಗೋಡೆ ಅಂದ್ಕೋ. ಕಿಟಕಿ ಬೇಕಾದ್ರೆ ಯಜಮಾನ್ರನ್ನ ಕೇಳು. ನಾನು ಹೊಡೆದ ಮೊಳೆನ ನಾನೇ ಕೀಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅದು ತೊಗಲಿನ ಚೀಲ, ಬೆಲ್ಟು, ಪರ್ಸು ಮಾಡುವ ಕಾರ್ಖಾನೆ. ಹಿಂದೆಯೂ ಬದಿಗೂ ಕೆಲಸದ ಕೋಣೆಗಳು, ನಡುವೆ ಅಂಗಳ, ಮುಂದೆ ಬೀದಿಗೆ ಮುಖ ಮಾಡಿದ ಗಾಜಿನ ಅಂಗಡಿ. ಅಂಗಡಿಯ ಮೇಲೆ "ಕೈಯಿಂದಲೇ ಮಾಡಿದ್ದು" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಯಾರ ಕೈ ಎಂದು ಬರೆಸಿರಲಿಲ್ಲ, ಜಾಗ ಸಾಲದೆ ಹೋಗಿರಬೇಕು. ಆ ಕೈಗಳ ಪೈಕಿ ಅಂಟು ಬಳಿಯುವವು ಅಂಟುಮನೆಯಲ್ಲಿದ್ದವು. ಡಬ್ಬದ ಅಂಟನ್ನು ತೊಗಲಿಗೆ ಬಳಿಯುವುದು, ಅದು ಆರುವವರೆಗೆ ಕಾಯುವುದು, ಆಮೇಲೆ ಪದರಕ್ಕೆ ಪದರ ಕೂಡಿಸಿ ಒತ್ತುವುದು. ದಿನಪೂರ್ತಿ ಇದೇ. ಆ ಅಂಟಿಗೂ ಅದನ್ನು ತಿಳಿಯಾಗಿಸುವ ತಿನ್ನರ್‌ಗೂ ಎಂಥ ಘಾಟೆಂದರೆ, ಹೊತ್ತು ಇಳಿಯುವಷ್ಟರಲ್ಲಿ ಹೆಂಗಸರೆಲ್ಲ ಕುಡಿದವರ ಹಾಗೆ ಗೋಡೆ ಹಿಡಿದು ನಡೆಯುತ್ತಿದ್ದರು. ದಿನವಿಡೀ ಬಾಯಿ ಮುಚ್ಚದ ಒಬ್ಬಳಿಗೆ ಅಲ್ಲಿ ರೇಡಿಯೋ ಎಂದೇ ಹೆಸರು. "ನಮ್ಮ ಗಂಡಂದಿರು ದುಡ್ಡು ಸುರಿದು ಏರಿಸ್ಕೊಳ್ಳೋದನ್ನ ಯಜಮಾನ್ರು ನಮಗೆ ಪುಕ್ಕಟೆ ಕೊಡ್ತಾರೆ ಕಣ್ರೇ, ಪುಣ್ಯಾತ್ಮ" ಎಂದು ಅವಳು ಹೇಳುವಳು. ಹೇಳಿ ತಾನೇ ಮೊದಲು ಕೆಮ್ಮುವಳು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಮರದ್ದು. ಅದರಾಚೆಗೊಂದು ಓಣಿ, ಓಣಿಯಾಚೆ ಗಾಜಿನ ಅಂಗಡಿಯ ಪಕ್ಕದ ಬಾಗಿಲು. ಯಾವಾಗಲೋ ಒಬ್ಬ ಗಿರಾಕಿ ಮೂಗು ಮುರಿದನಂತೆ, "ಏನ್ರೀ ಇದು ಗಬ್ಬು ವಾಸನೆ" ಎಂದನಂತೆ. ಅಂದೇ ಕಿಟಕಿಗೆ ಮೊಳೆ ಬಿತ್ತು. ಹೆಂಗಸರು ಕದ್ದು ಒಂದು ಮೊಳೆ ಸಡಿಲಿಸಿದರು. ಮೇಸ್ತ್ರಿ ಬಂದು ಅದರ ಸುತ್ತ ಇನ್ನಷ್ಟು ಜಡಿದ. ಆ ಕಾರ್ಖಾನೆಯಲ್ಲಿ ಬೇರೆ ಯಾವ ಕೆಲಸವನ್ನೂ ಅಷ್ಟು ಗಟ್ಟಿಮುಟ್ಟಾಗಿ ಯಾರೂ ಮಾಡಿರಲಿಲ್ಲ.

ದೊಡ್ಡಮ್ಮ ಕೂರುತ್ತಿದ್ದದ್ದು ಅಂಗಳದ ಮೂಲೆಯ ತಗಡಿನ ಮಾಡಿನ ಕೆಳಗೆ. ಇಡೀ ಕಾರ್ಖಾನೆ ಇದ್ದದ್ದು ಅಂಟಿಸುವುದಕ್ಕೆ. ಅಂಟಿದ್ದನ್ನು ಬಿಡಿಸುವುದಕ್ಕೆ ಇದ್ದವಳು ಅವಳೊಬ್ಬಳೇ. ರಿಪೇರಿಗೆ ಬಂದ ಹಳೆಯ ಚೀಲಗಳ ಹೊಲಿಗೆ ಬಿಚ್ಚಿ, ಪದರ ಪದರ ಬೇರೆ ಮಾಡಿಕೊಡಬೇಕು. ಅವಳಿಗೆ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ಮೇಸ್ತ್ರಿ ಮಾತ್ರ ಮುದುಕಿ ಎನ್ನುತ್ತಿದ್ದ. ಅವನಿಗೂ ಹೆಚ್ಚು ಕಡಿಮೆ ಅವಳದೇ ವಯಸ್ಸು.

ಮಗಳಿಗೆ ಇದು ಎರಡನೆಯ ಬಸಿರು. ಮೊದಲನೆಯದು ಅದೇ ಅಂಟುಮನೆಯಲ್ಲಿ, ಅದೇ ಬೆಂಚಿನ ಪಕ್ಕ ಹೋಯಿತು. ಆಗ ಮೇಸ್ತ್ರಿ "ಮೈಯಲ್ಲಿ ಕಸುವಿಲ್ಲದೋರು ಯಾಕೆ ಬಸುರಾಗ್ತಾರೋ" ಎಂದಿದ್ದ, ನೆಲ ತೊಳೆಸಿದ್ದ, ಮುಗಿದಿತ್ತು. ದೊಡ್ಡಮ್ಮನಿಗೆ ಮುಗಿದಿರಲಿಲ್ಲ. ಈ ಕೂಸನ್ನಾದರೂ ಉಳಿಸಿಕೊಳ್ಳಬೇಕು ಎಂಬುದೊಂದೇ ಈಗ ಅವಳ ತಲೆಯಲ್ಲಿ ಇದ್ದದ್ದು. ಹಗಲೂ ಇರುಳೂ ಅದೇ.

ಮಗಳನ್ನು ರೇಡಿಯೋಳ ಕೈಗೆ ಒಪ್ಪಿಸಿ ಅವಳು ನೇರ ಮುಂದಿನ ಅಂಗಡಿಗೆ ನಡೆದಳು.

ಅಲ್ಲಿ ಅಂದು ಹಬ್ಬದ ಕಳೆ. ಮರುದಿನ ಮಧ್ಯಾಹ್ನ ಯಜಮಾನರಿಗೆ ಸನ್ಮಾನವಿತ್ತು. ಕೈಕಸುಬನ್ನು ಉಳಿಸಿ ಬೆಳೆಸಿದ್ದಕ್ಕೆ ಯಾವುದೋ ದೊಡ್ಡ ಸಂಘದವರು ಊರಾಚೆಯಿಂದ ಬಂದು ಶಾಲು ಹೊದಿಸುವವರಿದ್ದರು. ಒಬ್ಬ ಹುಡುಗಿ ಬಾಟಲಿ ಹಿಡಿದು ಮೂಲೆ ಮೂಲೆಗೆ ಪುಸಕ್ ಪುಸಕ್ ಎಂದು ಏನನ್ನೋ ಸಿಂಪಡಿಸುತ್ತಿದ್ದಳು. ಅದು ತೊಗಲಿನ ಪರಿಮಳ. ತೊಗಲಿನ ಅಂಗಡಿಯಲ್ಲಿ ತೊಗಲಿನ ವಾಸನೆ ಬರಲಿ ಎಂದು ದೂರದಿಂದ ತರಿಸಿದ್ದು.

ಬಾಗಿಲಲ್ಲಿ ದೊಡ್ಡಮ್ಮನನ್ನು ಕಂಡು ಆ ಹುಡುಗಿ ಗಾಬರಿಯಾಗಿ ಓಡಿ ಹೋಗಿ ಕಟ್ಟುವ ಕಾಗದದ ಹಾಳೆಯೊಂದನ್ನು ತಂದು ನೆಲಕ್ಕೆ ಹಾಸಿದಳು. "ಇದರ ಮೇಲೆ ನಿಂತ್ಕೊಳ್ಳಿ ದೊಡ್ಡಮ್ಮ, ಪ್ಲೀಸ್. ಕಾರ್ಪೆಟ್‌ಗೆ ಅಂಟು ಹತ್ತಿದ್ರೆ ನನ್ನ ಕೆಲಸ ಹೋಗುತ್ತೆ." ದೊಡ್ಡಮ್ಮ ಹಾಳೆಯ ಮೇಲೆ ನಿಂತಳು, ಕಟ್ಟಿ ಕಳಿಸಲು ಸಿದ್ಧವಾದ ಸಾಮಾನಿನ ಹಾಗೆ.

ಯಜಮಾನರು ನಡುವಿನ ಮೇಜಿನ ಹತ್ತಿರ ಫೋಟೋದವನ ಜೊತೆ ನಿಂತಿದ್ದರು. ಮೇಜಿನ ಮೇಲೆ ತಾತನ ಚೀಲವಿತ್ತು. ಸದಾ ಗಾಜಿನ ಪೆಟ್ಟಿಗೆಯಲ್ಲಿ ಬೀಗದ ಒಳಗೆ ಇರುವಂಥದ್ದು, ಅಂದು ಹೊರಗೆ ಬಂದಿತ್ತು. ಯಜಮಾನರ ತಾತ ಬೀದಿ ಬೀದಿ ಅಲೆದು ಜೋಡು ಹೊಲಿದವನಂತೆ, ಈ ಚೀಲವನ್ನು ತಾನೇ ಕತ್ತರಿಸಿ, ತಾನೇ ಅಂಟಿಸಿ, ತಾನೇ ಹೊಲಿದು ಹೆಗಲಿಗೆ ಹಾಕಿಕೊಂಡಿದ್ದನಂತೆ. ಅದು ನಿಜವೇ ಇರಬೇಕು, ಹೊಲಿಗೆ ನೋಡಿದರೆ ತಿಳಿಯುತ್ತಿತ್ತು. ಮೊಮ್ಮಗ ಏನನ್ನಾದರೂ ಹೊಲಿದದ್ದನ್ನು ಮಾತ್ರ ಕಂಡವರಿಲ್ಲ. ಚೀಲದೊಳಗೆ ತಾತನ ದಬ್ಬಣವಿತ್ತು, ಅದಕ್ಕೆ ಮೊಮ್ಮಗ ಬೆಳ್ಳಿಯ ಹಿಡಿ ಹಾಕಿಸಿದ್ದರು. ನಾಳೆ ವೇದಿಕೆಯ ಮೇಲೆ ಚೀಲ ಹೆಗಲಿಗೇರಿಸಿ, ಮುಚ್ಚಳ ತೆರೆದು, ದಬ್ಬಣ ಹೊರತೆಗೆದು ಎತ್ತಿ ಹಿಡಿಯುವುದು, ಜನ ಚಪ್ಪಾಳೆ ತಟ್ಟುವುದು. ಕಾರ್ಯಕ್ರಮವೆಲ್ಲ ಆ ಒಂದು ಗಳಿಗೆಗಾಗಿ.

"ಏನು?" ಎಂದರು ಯಜಮಾನರು, ತಿರುಗದೆ.

"ನನ್ನ ಮಗಳು ಅಂಟುಮನೇಲಿ ಬಿದ್ಬಿಟ್ಲು ಯಜಮಾನ್ರೆ. ಬಸುರಿ ಹೆಣ್ಣು. ಆ ಕಿಟಕಿ ಒಂದು..."

"ಮತ್ತೆ ಕಿಟಕಿನಾ?" ಈಗ ತಿರುಗಿದರು. ದನಿ ಎತ್ತಲಿಲ್ಲ, ಅವರು ದನಿ ಎತ್ತುವವರಲ್ಲ, ಅದಕ್ಕೆ ಮೇಸ್ತ್ರಿಯಿದ್ದ. "ನೋಡಮ್ಮ, ನಮ್ಮ ತಾತನವರು ಇದೇ ಅಂಟಿನ ವಾಸನೆ ಕುಡ್ಕೊಂಡು ಬೆಳೆದೋರು. ಅವರೇನು ಕಿಟಕಿ ಕೇಳಿದ್ರಾ?"

ಬೀದಿಯಲ್ಲಿ ಕೂತು ಕೆಲಸ ಮಾಡಿದವನಿಗೆ ಕಿಟಕಿ ಯಾಕೆ ಬೇಕಿತ್ತು ಎಂದು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಹೊಟ್ಟೇಲಿರೋದು ಹೋದ ಸಲದ ಹಾಗೆ ಆದ್ರೆ ಏನು ಮಾಡ್ಲಿ ಯಜಮಾನ್ರೆ?"

"ಆಗಲ್ಲ ಅಂದ್ರೆ ಮನೇಲಿರ್ಲಿ. ಯಾರು ಕಟ್ಟಿಹಾಕಿದ್ದಾರೆ? ಆದ್ರೆ ಬಿಟ್ಟು ಹೋದವರನ್ನ ಮತ್ತೆ ಒಳಗೆ ಸೇರಿಸಲ್ಲ, ಅದು ಎಲ್ರಿಗೂ ಒಂದೇ ನಿಯಮ. ಅದಿರ್ಲಿ, ನೀನು ಬಾಯಿ ತೆಗೀಬೇಡ ಮಾರಾಯ್ತಿ, ಘಾಟು ಹೊಡೆಯುತ್ತೆ. ಸುಮ್ನೆ ನಿಂತ್ಕೋ, ಮೊದಲು ಇದು ಮುಗೀಲಿ."

ದೊಡ್ಡಮ್ಮ ಬಾಯಿ ಮುಚ್ಚಿ ನಿಂತಳು.

"ಸುಮ್ನೆ ಚೀಲ ಹಿಡ್ಕೊಂಡ್ರೆ ಸಪ್ಪೆ ಅನ್ಸುತ್ತೆ ಸಾರ್" ಎಂದ ಫೋಟೋದವನು. "ಕೈಯಲ್ಲಿ ಕೆಲಸ ಮಾಡ್ತಾ ಇರೋ ಥರ ಒಂದು ಬೇಕು."

ಯಜಮಾನರಿಗೆ ಮಾತು ಹಿಡಿಸಿತು. ಮುಚ್ಚಳದ ಒಳಪದರ ಒಂದು ಕಡೆ ತುಸು ಎದ್ದಿತ್ತು, ಅದನ್ನೇ ಸರಿಮಾಡುತ್ತೇನೆ ಎಂದರು. ಮೇಸ್ತ್ರಿ ಅಂಟಿನ ಡಬ್ಬ ತಂದುಕೊಟ್ಟ. ಯಜಮಾನರು ತೋಳು ಮಡಿಸಿ, ಬ್ರಷ್ಷನ್ನು ಅದ್ದಿ ಅದ್ದಿ ಬಳಿದರು. ಎದ್ದಿದ್ದ ಕಡೆಗೆ ಬಳಿದರು, ಏಳದ ಕಡೆಗೂ ಬಳಿದರು, ಬೆಳಕು ಚೆನ್ನಾಗಿ ಬೀಳಲೆಂದು ಚೀಲದ ಬಾಯಿಗೂ ಅದರ ಮುಂಬದಿಗೂ ಬಳಿದರು. "ಹಾಗೇ ಸಾರ್, ಬ್ಯೂಟಿಫುಲ್, ಇನ್ನೊಂದ್ಸಲ ಅದ್ದಿ" ಎಂದು ಫೋಟೋದವನು ಸುತ್ತ ಕುಣಿಯುತ್ತಿದ್ದ. ಕೊನೆಗೆ ಯಜಮಾನರು ಹಸಿ ಅಂಟಿನ ಮೇಲೆ ಮುಚ್ಚಳ ಮುಚ್ಚಿ, ಎರಡೂ ಅಂಗೈಯಿಂದ ಒತ್ತಿ, ಕ್ಯಾಮೆರಾ ಕಡೆ ನೋಡಿ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂಟುಮನೆಗೆ ಹೊಸದಾಗಿ ಸೇರಿದವಳೂ ಮೊದಲ ದಿನವೇ ಕಲಿಯುವ ಪಾಠವೊಂದಿದೆ, ಅಂಟು ಆರುವ ಮೊದಲು ಮುಚ್ಚಬಾರದು, ಮುಚ್ಚಿದರೆ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಹಿಡಿದುಕೊಳ್ಳುತ್ತದೆ. ದೊಡ್ಡಮ್ಮನ ಕೈ ತಾನಾಗಿಯೇ ಮುಂದೆ ಹೋಗಿತ್ತು. ಆಮೇಲೆ ನೆನಪಾಯಿತು, ಬಾಯಿ ತೆಗೀಬೇಡ ಎಂದಿದ್ದಾರೆ. ಹೇಳಿದ ಮಾತು ಮೀರುವ ಜಾತಿಯ ಹೆಂಗಸಲ್ಲ ಅವಳು. ಕೈ ಹಿಂದಕ್ಕೆ ತೆಗೆದುಕೊಂಡಳು.

"ಇನ್ನೂ ಇಲ್ಲೇ ಇದ್ದೀಯಾ?" ಎಂದರು ಯಜಮಾನರು. "ಹೋಗು. ಕಿಟಕಿ ವಿಷಯ ಸನ್ಮಾನ ಆದ್ಮೇಲೆ ನೋಡೋಣ."

ಅವಳು ಹೊರಗೆ ಕಾಲಿಡುತ್ತಲೇ ಹಿಂದೆ ಬಾಟಲಿ ಪುಸಕ್ ಎಂದಿತು.

ಸಂಜೆ ಮನೆಯಲ್ಲಿ ಮಗಳು ಗೋಡೆಗೆ ಒರಗಿ ಕೂತಿದ್ದಳು. ಒಂದೇ ಕೋಣೆ, ಒಂದೇ ಮಂಚ, ಅಳಿಯ ಲಾರಿಯ ಜೊತೆ ಹೋದವನು ಇನ್ನೂ ಬಂದಿರಲಿಲ್ಲ. ದೊಡ್ಡಮ್ಮ ಒಲೆಯ ಮುಂದಿನಿಂದಲೇ ಮಾತು ತೆಗೆದಳು.

"ನಾಳೆಯಿಂದ ಹೋಗಬೇಡ ಕಣೇ."

"ಬಿಟ್ರೆ ಮತ್ತೆ ಸೇರಿಸ್ಕೊಳ್ಳಲ್ಲ ಅಂತ ನೀನೇ ಅಂದ್ಯಲ್ಲ."

"ಬೆಂಕಿ ಬೀಳ್ಲಿ ಅವರ ಕೆಲಸಕ್ಕೆ."

"ಬೆಂಕಿ ಬಿದ್ರೆ ಆಮೇಲೆ ಈ ಒಲೆಗೆ ಏನು ಹಾಕ್ತೀಯ ಅವ್ವಾ?" ಎಂದು ಹುಡುಗಿ ನಕ್ಕಳು. ನಗು ಬೇಗ ನಿಂತಿತು. "ನಂಗೆ ಹೆದರಿಕೆ ಆಗುತ್ತೆ. ಬೆಳಿಗ್ಗೆ ಆ ಬಾಗಿಲು ದಾಟುವಾಗ ಉಸಿರು ಎಳ್ಕೊಂಡು ಒಳಗೆ ಹೋಗ್ತೀನಿ. ಎಷ್ಟು ಹೊತ್ತು ಅಂತ ಹಿಡ್ಕೊಳ್ಳೋದು? ಕೊನೆಗೆ ಬಿಡಲೇಬೇಕಲ್ಲ. ಬಿಟ್ಟ ಮೇಲೆ ಒಳಗೆ ಹೋಗೋದು ಅದೇ ಗಾಳಿ. ನನಗೊಬ್ಬಳಿಗೇ ಅಲ್ಲ ಅದು ಹೋಗೋದು ಅಂತ ನೆನಪಾದಾಗ ಜೀವ ಬಾಯಿಗೆ ಬರುತ್ತೆ."

ದೊಡ್ಡಮ್ಮ ಒಲೆಯ ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಮುಖ ಒರೆಸಿಕೊಂಡಳು. ಆ ಹೊತ್ತಿಗೆ ಒಲೆಯಲ್ಲಿ ಹೊಗೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳಿನ್ನೂ ತನ್ನ ಮಾಡಿನ ಕೆಳಗೆ ಕೂತಿರಲಿಲ್ಲ, ಮೇಸ್ತ್ರಿ ಏದುಸಿರು ಬಿಡುತ್ತಾ ಬಂದ. ಹಿಂದೆ ಯಜಮಾನರು. ಯಜಮಾನರು ಅಂಗಳಕ್ಕೆ ಕಾಲಿಟ್ಟದ್ದೇ ಒಂದು ಸುದ್ದಿ, ಕಂಡಕಂಡವರೆಲ್ಲ ಎದ್ದು ನಿಂತರು. ಮೇಸ್ತ್ರಿ ಎದೆಗವಚಿಕೊಂಡಿದ್ದ ಚೀಲವನ್ನು ಅವಳ ಮುಂದಿಟ್ಟ. ಮುಚ್ಚಳ, ಒಳಪದರ, ಚೀಲದ ಬಾಯಿ, ಮುಂಬದಿ, ಎಲ್ಲ ಸೇರಿ ಒಂದೇ ಹಲಗೆಯಾಗಿ ಕೂತಿತ್ತು.

"ಇದು... ಅಂಟ್ಕೊಂಡ್ಬಿಟ್ಟಿದೆ" ಎಂದ ಮೇಸ್ತ್ರಿ.

"ಯಾರು ಅಂಟಿಸಿದ್ದು?" ಎಂದು ದೊಡ್ಡಮ್ಮ ಕೇಳಿದಳು.

ಮೇಸ್ತ್ರಿ ಆಕಾಶ ನೋಡಿದ. ಯಜಮಾನರು ಗಡಿಯಾರ ನೋಡಿಕೊಂಡರು. "ಅದೇ ಅಂಟ್ಕೊಳ್ತು" ಎಂದ ಮೇಸ್ತ್ರಿ.

"ಓಹೋ."

"ಓಹೋ ಗೀಹೋ ಬೇಡ, ಮಧ್ಯಾಹ್ನದೊಳಗೆ ಬಿಡಿಸ್ಕೊಡು. ಒಂದು ಗೀರು ಬಿದ್ರೆ ಹುಷಾರ್."

"ನನ್ನ ಕಣ್ಣೆದುರೇ ಬಿಡಿಸಬೇಕು" ಎಂದರು ಯಜಮಾನರು. "ಒಳಗೆ ಬೆಳ್ಳಿ ಹಿಡಿಯ ದಬ್ಬಣ ಇದೆ. ನಿನ್ನ ಮೇಲೆ ಅನುಮಾನ ಅಂತಲ್ಲ. ಯಾರ ಮೇಲೂ ನಂಬಿಕೆ ಇಲ್ಲ, ಅಷ್ಟೆ."

"ಆಗ್ಲಿ. ಆದ್ರೆ ಇದಕ್ಕೆ ತಿನ್ನರ್ ಬೇಕು."

"ತರಿಸ್ತೀನಿ."

"ತಿನ್ನರ್ ಅಂಟುಮನೆಯಿಂದ ಒಂದು ಹನಿನೂ ಹೊರಗೆ ಬರಬಾರದು ಅಂತ ಹುಕುಂ ಇದೆ ಯಜಮಾನ್ರೆ. ನಿಮ್ಮದೇ. ಅಂಗಳದಲ್ಲಿ ಘಾಟು ಬಂದ್ರೆ ಗಿರಾಕಿ ಓಡಿಹೋಗ್ತಾರೆ ಅಂತ."

ಆಗಲೇ ಅಂಗಳದ ಆಚೆ ಬದಿಯಲ್ಲಿ ಕುರ್ಚಿ ಹಾಕುವವರು, ಹೂವು ಕಟ್ಟುವವರು ಬಂದಿದ್ದರು. ಬೇಗ ಬಂದ ಅತಿಥಿಗಳಿಬ್ಬರು ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದರು. ಯಜಮಾನರು ಸುತ್ತ ಕಣ್ಣು ಹಾಯಿಸಿದರು. ಆಮೇಲೆ ತಾವೇ ಮುಂದಾಗಿ ಅಂಟುಮನೆಯ ಕಡೆ ನಡೆದರು. ಕಾರ್ಖಾನೆ ಕಟ್ಟಿದ ಮೇಲೆ ಅವರು ಆ ಕೋಣೆಯೊಳಕ್ಕೆ ಹೋದದ್ದು ಅದೇ ಮೊದಲು ಎಂದು ರೇಡಿಯೋ ಆಮೇಲೆ ಆಣೆ ಮಾಡಿ ಹೇಳಿದಳು.

ಒಳಗೆ ಕುರ್ಚಿ ತರಿಸಿದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತರು. "ಕೆಲಸ ನಿಲ್ಲಿಸ್ಬೇಡಿ, ನೀವು ಮಾಡ್ತಾ ಇರಿ" ಎಂದು ಹೆಂಗಸರಿಗೆ ಹೇಳಿದರು. ದೊಡ್ಡಮ್ಮನ ಮಗಳೂ ಅಂದು ಕೆಲಸಕ್ಕೆ ಬಂದು ಅವರ ನಡುವೆ ನಿಂತಿದ್ದಳು. ಅತಿಥಿಗಳ ಕಣ್ಣಿಗೆ ಬೀಳದಿರಲೆಂದು ಮೇಸ್ತ್ರಿ ಬಾಗಿಲು ಎಳೆದು ಚಿಲಕ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತ.

ದೊಡ್ಡಮ್ಮ ಬೆಂಚಿನ ಮೇಲೆ ಚೀಲವಿಟ್ಟುಕೊಂಡಳು. ಸಣ್ಣ ಬ್ರಷ್ಷಿನಿಂದ ಅಂಚಿನ ಉದ್ದಕ್ಕೂ ತಿನ್ನರ್ ಇಳಿಬಿಟ್ಟಳು. ಅದು ಪದರದ ಸಂದಿಗೆ ಇಳಿಯುವವರೆಗೆ ಕಾದಳು. ಬೆರಳಿಗೆ ಅಂಚು ತುಸು ಸಡಿಲ ಎನಿಸಿದಾಗ ಮೊಂಡು ಚೂರಿಯನ್ನು ಅಡ್ಡ ಮಲಗಿಸಿ ಒಳಕ್ಕೆ ಜಾರಿಸಿದಳು. ಎಳೆಯುವಂತಿಲ್ಲ, ಎಳೆದರೆ ತೊಗಲಿನ ಮುಖವೇ ಕಿತ್ತು ಬರುತ್ತದೆ. ಒಂದು ಬೆರಳಗಲ ಬಿಟ್ಟಿತು. ಬಿಟ್ಟ ಕಡೆ ಮತ್ತೆ ಕೂಡಿಕೊಳ್ಳದಂತೆ ಎಣ್ಣೆ ಕಾಗದದ ಚೂರು ತೂರಿಸಿದಳು. ಮತ್ತೆ ತಿನ್ನರ್, ಮತ್ತೆ ಕಾಯುವುದು, ಮತ್ತೆ ಚೂರಿ. ಯಾವನೋ ಸತ್ತ ಮುದುಕ ಎಷ್ಟು ಮನಸ್ಸಿಟ್ಟು ಹೊಲಿದಿದ್ದಾನಪ್ಪಾ ಎಂದು ಅವಳಿಗೆ ಹೊಲಿಗೆಯ ಮೇಲೆ ಕೈ ಹೋದಾಗಲೆಲ್ಲ ಅನಿಸುತ್ತಿತ್ತು. ಅವನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ.

"ಬೇಗ ಬೇಗ" ಎಂದರು ಯಜಮಾನರು.

"ಇದು ಬೇಗ ಅಂದ್ರೆ ಕೇಳಲ್ಲ. ನಿಲ್ಲಿಸೋಕೂ ಆಗಲ್ಲ. ತಿನ್ನರ್ ಕುಡಿಸಿದ ಮೇಲೆ ಅರ್ಧಕ್ಕೆ ಕೈ ಬಿಟ್ರೆ ಕರಗಿದ ಅಂಟು ತೊಗಲೊಳಗೆ ಇಳಿದು ಕಲ್ಲಾಗುತ್ತೆ. ಆಮೇಲೆ ಹರೀಬೇಕಷ್ಟೆ."

ಸ್ವಲ್ಪ ಹೊತ್ತಿಗೆ ಯಜಮಾನರ ಕಣ್ಣು ಕೆಂಪಾದವು. ಕರವಸ್ತ್ರ ಮಡಿಸಿ ದಪ್ಪ ಮಾಡಿದರು. ಆಮೇಲೆ ಅವರು ಇದ್ದಕ್ಕಿದ್ದಂತೆ ಕಿಸಕ್ಕೆಂದು ನಕ್ಕರು.

ಮೇಸ್ತ್ರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಾನೂ ನಕ್ಕ.

"ಯಾಕೋ ನಗು ಬರ್ತಿದೆ" ಎಂದರು ಯಜಮಾನರು, ಮತ್ತೆ ನಗುತ್ತಾ, ಭಯದಿಂದ.

"ಮೊದಲು ನಗು ಬರುತ್ತೆ ಯಜಮಾನ್ರೆ" ಎಂದಳು ರೇಡಿಯೋ, ಬ್ರಷ್ಷು ಆಡಿಸುತ್ತಲೇ, ಬಹಳ ಮರ್ಯಾದೆಯಿಂದ. "ಆಮೇಲೆ ತಲೆ ಸಿಡಿಯುತ್ತೆ. ವಾಂತಿ ಬರೋದು ಊಟ ಆದ್ಮೇಲೆ. ನಿಮ್ಮದಿನ್ನೂ ಊಟ ಆಗಿಲ್ಲ ಅಲ್ವಾ, ಪರವಾಗಿಲ್ಲ."

ಯಜಮಾನರು ಎದ್ದು ಬಾಗಿಲವರೆಗೆ ಹೋದರು. ಹೊರಗಿನಿಂದ ಅತಿಥಿಗಳ ಮಾತು ಕೇಳಿಸಿತು. ಹಿಂತಿರುಗಿ ನೋಡಿದರು. ಚೀಲದ ಮುಚ್ಚಳ ಅರ್ಧ ಎದ್ದಿತ್ತು, ಸಂದಿಯಲ್ಲಿ ಬೆಳ್ಳಿ ಮಿನುಗುತ್ತಿತ್ತು. ಮರಳಿ ಬಂದು ಕುರ್ಚಿಯಲ್ಲಿ ಕೂತರು.

ಆಗ ಮಗಳ ಕೈಯಿಂದ ಬ್ರಷ್ಷು ಬಿತ್ತು.

ದೊಡ್ಡಮ್ಮ ತಿರುಗಿ ನೋಡಿದಳು. ಹುಡುಗಿ ಗೋಡೆ ಹಿಡಿದು ಹಾಗೇ ಜಾರುತ್ತಾ ಕುಳಿತಳು. ತುಟಿ ಬಿಳಿಚಿಕೊಂಡಿತ್ತು. ಎರಡೂ ಕೈ ಹೊಟ್ಟೆಯ ಮೇಲಿದ್ದವು. "ಅವ್ವಾ, ಯಾಕೋ ಹಿಂಡ್ತಾ ಇದೆ" ಎಂದಳು.

ದೊಡ್ಡಮ್ಮ "ಬಾಗಿಲು ತೆಗಿ!" ಎಂದು ಮೇಸ್ತ್ರಿಯ ಮೇಲೆ ಕೂಗಿದಳು.

"ಶುರುವಾಯ್ತು ಇವಳದು! ಹೊರಗೆ ಜನ ಇದ್ದಾರೆ. ಇವತ್ತೇ ಇವಳನ್ನ ಎತ್ತಿಕೊಂಡು ಅಂಗಳದಲ್ಲಿ ಮೆರವಣಿಗೆ ಮಾಡಬೇಕಾ?"

"ಹಾಗಾದ್ರೆ ಕಿಟಕಿ ತೆಗಿ."

"ಆ ಕಡೆ ಅಂಗಡೀಲೂ ಜನ ಇದ್ದಾರೆ" ಎಂದರು ಯಜಮಾನರು ಕರವಸ್ತ್ರದೊಳಗಿನಿಂದ. "ಸ್ವಲ್ಪ ತಡ್ಕೊಳ್ಳಮ್ಮ. ನಾನೂ ಇಲ್ಲೇ ಕೂತಿಲ್ವಾ? ಇದೊಂದು ಮುಗಿಸ್ಬಿಡು, ಸಂಜೆ ಮಾತಾಡೋಣ."

ದೊಡ್ಡಮ್ಮ ಚೂರಿಯನ್ನು ಬೆಂಚಿನ ಮೇಲಿಟ್ಟಳು. ತಿನ್ನರ್ ಡಬ್ಬಿಯ ಮುಚ್ಚಳ ಮುಚ್ಚಿದಳು. ಮಗಳ ಪಕ್ಕ ನೆಲದ ಮೇಲೆ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಏನು ಮಾಡ್ತಿದ್ದೀಯ?" ಯಜಮಾನರ ದನಿ ಮೊದಲ ಸಲ ಏರಿತು. "ನಿಲ್ಲಿಸಬಾರದು ಅಂತ ನೀನೇ ಹೇಳಿದ್ಯಲ್ಲ!"

"ಹೌದು. ಒಣಗ್ತಾ ಇದೆ."

"ಏಯ್ ಮುದುಕಿ! ಏಳ್ತೀಯೋ ಇಲ್ಲ ಒದೀಲೋ?" ಮೇಸ್ತ್ರಿ ಮುಂದೆ ಬಂದ.

"ಒದಿ. ಒದ್ದು ನೀನೇ ಬಿಡಿಸು. ಬಾ, ಚೂರಿ ಅಲ್ಲಿದೆ."

ಮೇಸ್ತ್ರಿ ಚೂರಿಯನ್ನು ನೋಡಿದ, ಚೀಲವನ್ನು ನೋಡಿದ, ಇದ್ದಲ್ಲಿಗೇ ಹೋಗಿ ನಿಂತ.

ರೇಡಿಯೋ ತನ್ನ ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟಳು. ಅವಳ ಪಕ್ಕದವಳೂ ಇಟ್ಟಳು. ಯಾರೂ ಏನೂ ಮಾತಾಡಿಕೊಂಡಿರಲಿಲ್ಲ, ಆದರೂ ಒಂದೊಂದಾಗಿ ಎಲ್ಲ ಕೈಗಳೂ ಬರಿದಾದವು.

"ಎಲ್ಲರನ್ನೂ ಇವತ್ತೇ ಓಡಿಸ್ತೀನಿ!"

"ಓಡ್ಸಿ ಯಜಮಾನ್ರೆ" ಎಂದಳು ದೊಡ್ಡಮ್ಮ. "ಬಾಗಿಲು ತೆಗೆಸಿ, ಈಗ್ಲೇ ಓಡ್ತೀವಿ. ಅಂಗಳದ ನಡುವೆನೇ ಹೋಗ್ತೀವಿ. ಇಲ್ಲಾಂದ್ರೆ ಕಿಟಕಿ ತೆಗೆಸಿ, ನಾನು ಎದ್ದು ನಿಮ್ಮ ತಾತನ ಚೀಲ ಬಿಡಿಸ್ತೀನಿ. ಎರಡೂ ಮುಚ್ಕೊಂಡೇ ಇರ್ಲಿ ಅಂದ್ರೆ ಅದೂ ಮುಚ್ಕೊಂಡೇ ಇರುತ್ತೆ. ನನ್ನ ಮಗಳ ಕೂಸು ಒಂದು ಸಲ ಇದೇ ನೆಲದ ಮೇಲೆ ಹೋಯ್ತು. ಈ ಸಲ ಹೋದ್ರೆ ನೀವೂ ಕೂತು ನೋಡಿ. ಕುರ್ಚಿ ಹೇಗೂ ಹಾಕ್ಸಿದ್ದೀರಿ."

ಯಜಮಾನರು ಚೀಲದ ಕಡೆ ನೋಡಿದರು. ಅಂಚಿನಲ್ಲಿ ಒದ್ದೆಯ ಹೊಳಪು ಮಾಸುತ್ತಾ ಬರುತ್ತಿತ್ತು.

"ತೆಗಿಯೋ ಕಿಟಕಿನ!" ಎಂದರು.

ಮೇಸ್ತ್ರಿ ಕದಲಲಿಲ್ಲ. "ವಾಸನೆ ಅಂಗಡಿಗೆ ಹೋಗುತ್ತೆ ಯಜಮಾನ್ರೆ. ಆಮೇಲೆ ನೀನ್ಯಾಕೆ ತೆಗ್ದೆ ಅಂತ ನನ್ನನ್ನೇ..."

"ಥೂ ನಿನ್ನ!" ಯಜಮಾನರು ತಾವೇ ಎದ್ದರು. ಗೋಡೆಗೆ ತೂಗುಹಾಕಿದ್ದ ಇಕ್ಕುಳ ಕಿತ್ತುಕೊಂಡು ಕಿಟಕಿಗೆ ನುಗ್ಗಿದರು. ಒಂದು ಮೊಳೆ ಹಿಡಿದು ಜಗ್ಗಿದರು, ಇಕ್ಕುಳ ಜಾರಿ ಹೆಬ್ಬೆರಳಿಗೆ ಬಡಿಯಿತು. ಇನ್ನೊಂದು ಹಿಡಿದರು. ಹೊಸ ಅಂಗಿಯ ಬೆನ್ನು ಬೆವರಿಗೆ ಅಂಟಿತು. "ಯಾವ ಬೋಳಿಮಗ ಇಷ್ಟು ಮೊಳೆ ಹೊಡೆದದ್ದು?"

"ನೀವೇ ಹೇಳಿದ್ರಿ" ಎಂದ ಮೇಸ್ತ್ರಿ ಮೆಲ್ಲಗೆ. "ಅಲ್ಲಾಡಬಾರದು ಅಂತ."

ಹೆಂಗಸರು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಯಜಮಾನರು ತಮ್ಮ ಕೈಯಿಂದಲೇ ಕೆಲಸ ಮಾಡುತ್ತಿದ್ದರು, ಅದೂ ಚೆನ್ನಾಗಿಯೇ ಬೆವರು ಸುರಿಸಿ. ಫೋಟೋದವನು ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಗಿದ್ದನೋ. ಕೊನೆಯ ಮೊಳೆ ಬಂದಾಗ ಅವರು ಇಕ್ಕುಳದ ಸಮೇತ ಹಿಂದಕ್ಕೆ ಮುಗ್ಗರಿಸಿದರು, ಕಿಟಕಿ ದಡಾರನೆ ತೆರೆದುಕೊಂಡಿತು.

ಬೆಳಕು ಒಳಗೆ ಬಿತ್ತು, ಗಾಳಿಯೂ ಬಂತು. ಘಾಟು ಅಷ್ಟೇ ಅವಸರದಲ್ಲಿ ಹೊರಗೆ ನುಗ್ಗಿ ಓಣಿ ದಾಟಿ ಗಾಜಿನ ಅಂಗಡಿಯೊಳಕ್ಕೆ ಹೋಯಿತು. ಆ ಕಡೆಯಿಂದ ಯಾರೋ "ಏನಿದು, ಏನಿದು" ಎನ್ನುವುದು, ಕುರ್ಚಿಗಳು ಸರಿಯುವುದು ಕೇಳಿಸಿತು. ಬಣ್ಣದ ಕಾಗದ ಸುತ್ತಿದ ಹೂಗುಚ್ಛ ಹಿಡಿದ ಒಬ್ಬರು ಪಕ್ಕದ ಬಾಗಿಲಿಗೆ ಬಂದು, ಮೂಗು ಮುಚ್ಚಿಕೊಂಡು, ಕಿಟಕಿಯತ್ತ ನೋಡುತ್ತಾ ನಿಂತರು.

ದೊಡ್ಡಮ್ಮ ಮಗಳನ್ನು ಎಬ್ಬಿಸಿ ಸೊಂಟಕ್ಕೆ ಕೈ ಕೊಟ್ಟು ನಡೆಸಿಕೊಂಡು ಹೋಗಿ ಕಿಟಕಿಯ ಮುಂದೆ ನಿಲ್ಲಿಸಿದಳು. ಉಳಿದವರೂ ಹಿಂದೆಯೇ ಬಂದು ಒತ್ತಿಕೊಂಡು ನಿಂತರು. ಹುಡುಗಿ ಕಟ್ಟೆಗೆ ಎದೆ ಕೊಟ್ಟು, ತಲೆ ಹೊರಗೆ ಚಾಚಿ, ಬಾಯಿ ತೆರೆದು ಗಾಳಿ ಎಳೆದುಕೊಂಡಳು. ತಾಯಿಯ ಅಂಗೈ ಅವಳ ಹೊಟ್ಟೆಯ ಮೇಲಿತ್ತು. ಅಂಗೈಯ ಕೆಳಗೆ ಏನೋ ಒಂದು ಸಲ ಮಿಸುಕಿತು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು.

"ಕಿಟಕಿ ತೆಗ್ದಾಯ್ತಲ್ಲ!" ಹಿಂದಿನಿಂದ ಯಜಮಾನರು ಕಿರುಚಿದರು. ಒಂದು ಕೈಯಲ್ಲಿ ಜಜ್ಜಿದ ಹೆಬ್ಬೆರಳು, ಇನ್ನೊಂದರಲ್ಲಿ ಅರ್ಧ ಬಾಯಿ ಬಿಟ್ಟ ಚೀಲ. "ಬಿಡಿಸು! ಕಲ್ಲಾಗ್ತಿದೆ ಇದು! ಏಯ್, ನಿನಗೇ ಹೇಳ್ತಿರೋದು, ಬಾ ಬೇಗ!"

ದೊಡ್ಡಮ್ಮ ತಿರುಗಲಿಲ್ಲ.

"ಸ್ವಲ್ಪ ತಡೀರಿ ಯಜಮಾನ್ರೆ" ಎಂದಳು. "ಉಸಿರಾಡ್ತಾ ಇದ್ದೀವಿ."